ಬಿಚ್ಚಬಾರದ ಗಂಟು

ಹಳೆಯ ಅಗ್ನಿಶಾಮಕ ಠಾಣೆಯ ಮಹಡಿಯ ಕೋಣೆ,
ಗುರುವಾರ, ಮಾರ್ಚ್ ಹದಿನಾಲ್ಕು

ಪ್ರೀತಿಯ ಪುಟ್ಟೂ,

ಮೊದಲು ನಿನ್ನ ಆರೋಗ್ಯದ ಮಾತು. ಹೋದ ತಿಂಗಳ ಕಾಗದದಲ್ಲಿ ನಿನ್ನ ಕೆಮ್ಮಿನ ಸುದ್ದಿ ಅರ್ಧ ಸಾಲಿನಲ್ಲಿ ಬಂದು ಹೋಗಿತ್ತು; ಅಷ್ಟು ಚಿಕ್ಕದಾಗಿ ಹೇಳಿದ ಕಾಯಿಲೆಯನ್ನು ನಾನು ಯಾವಾಗಲೂ ದೊಡ್ಡದೆಂದೇ ಓದಿಕೊಳ್ಳುತ್ತೇನೆ. ಈಗ ಹೇಗಿದೆ? ಹವಾಮಾನದ ಬಲೂನು ಹಾರಿಸಲು ಹೊರಗೆ ಹೋಗುವಾಗ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಳ್ಳುತ್ತೀಯಾ, ಅಥವಾ ಅದು ನಾನು ಕಳಿಸಿದ ಪೊಟ್ಟಣದಲ್ಲೇ ಇನ್ನೂ ಮಲಗಿದೆಯೋ? ನಾಳೆ ಗಾಳಿ ಎತ್ತ ಬೀಸುತ್ತದೆಂದು ಊರಿಗೆಲ್ಲ ಹೇಳುವ ಹುಡುಗಿಗೆ ತನ್ನ ಕಿವಿಗೆ ಬೀಸುವ ಗಾಳಿ ಮಾತ್ರ ತಿಳಿಯದಿರುವುದು ನಮ್ಮ ಮನೆತನದ ಲಕ್ಷಣ. ನಿಮ್ಮಮ್ಮನೂ ಹಾಗೆಯೇ ಇದ್ದಳು. ನನ್ನ ವಿಷಯ ಕೇಳುವೆಯಾದರೆ, ಮಂಡಿಯು ಮೆಟ್ಟಿಲು ಕಂಡೊಡನೆ ಮುಖ ತಿರುಗಿಸುತ್ತದೆ. ಹೊಸ ಹಲ್ಲಿನ ಸೆಟ್ಟು ‘ಸ’ ಅಕ್ಷರ ಬಂದಾಗಲೆಲ್ಲ ಸಿಳ್ಳೆ ಹೊಡೆಯುತ್ತದೆ. ಉಚ್ಚಾರ ಕಲಿಸುವ ಮೇಷ್ಟರ ಪಾಡೇ ಹೀಗಾದ ಮೇಲೆ ನಮ್ಮ ನಾಟಕದ ಮಕ್ಕಳ ಸಂತೋಷವನ್ನು ಕೇಳಬೇಕೆ? ‘ತಾತ, ಇನ್ನೊಂದ್ಸಲ ಸರಸರ ಅನ್ನಿ’ ಎಂದು ಬೇಕೆಂದೇ ಹೇಳಿಸಿ ಉರುಳಾಡಿ ನಗುತ್ತಾರೆ. ನಗಲಿ. ಅವರು ನಗುತ್ತಿರುವಷ್ಟು ಹೊತ್ತು ನನಗೆ ಮೇಲಕ್ಕೆ ನೋಡಬೇಕೆಂಬ ನೆನಪಾಗುವುದಿಲ್ಲ.

ಆ ಕಡೆಯ ಮಾತಿಗೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಪ್ರಯತ್ನಿಸಿದೆ, ಪುಟ್ಟೂ. ಕಳೆದ ಸಲ ನೀನು ದ್ವೀಪದ ರೇಡಿಯೋ ಫೋನಿನಲ್ಲಿ ಸಿಕ್ಕಾಗ ನಾನು ಹತ್ತು ನಿಮಿಷ ನಿಮ್ಮ ಅಡುಗೆಯವನ ಬ್ರೆಡ್ಡಿನ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ, ನೆನಪಿದೆಯೆ? ಅಂದು ನಾನು ಬ್ರೆಡ್ಡಿಗಾಗಿ ಕರೆ ಮಾಡಿರಲಿಲ್ಲ. ನಮ್ಮ ನಡುವಿನ ಆ ಫೋನಿನಲ್ಲಿ ಒಂದು ಮಾತು ನಿನ್ನನ್ನು ಮುಟ್ಟುವುದರೊಳಗೆ ಇನ್ನೊಂದು ಹೊರಟು ಎರಡೂ ದಾರಿಯಲ್ಲಿ ಡಿಕ್ಕಿ ಹೊಡೆಯುತ್ತವೆ. ಜೊತೆಗೆ ನಿಮ್ಮ ಹವಾಮಾನ ಕೇಂದ್ರದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಆದರೆ ಅವು ನೆಪಗಳು. ಮೂವತ್ತು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವನು ನಾನು. ಪ್ರವಾಹ, ಭೂಕಂಪ, ಸೇತುವೆ ಕುಸಿತ, ಯಾವುದನ್ನು ಓದುವಾಗಲೂ ದನಿ ನಡುಗಿದ್ದಿಲ್ಲ. ಈಗ ಒಂದೇ ಒಂದು ವಾಕ್ಯ ಗಂಟಲಿನಿಂದ ಹೊರಡುತ್ತಿಲ್ಲ. ಆ ವಾಕ್ಯವನ್ನು ಈ ಕಾಗದದ ಕೊನೆಯೊಳಗಾದರೂ ಬರೆಯುತ್ತೇನೆ ಎಂದು ಪ್ರತಿಜ್ಞೆ ಮಾಡಿ ಕುಳಿತಿದ್ದೇನೆ. ಸುತ್ತಿ ಬಳಸಿ ಬರುತ್ತೇನೆ, ಬೇಸರಪಡಬೇಡ.

ಮುಂದಿನ ವಾರಕ್ಕೆ ನಿಮ್ಮಮ್ಮ ಹೋಗಿ ವರ್ಷ ತುಂಬುತ್ತದೆ. ಅಂದು ಸಂಜೆ ಇಲ್ಲಿ ಒಂದು ಸ್ಮರಣೆಯ ಕಾರ್ಯಕ್ರಮವಿದೆ. ಭಾಷಣ ಬೇಡವೆಂದು ಮಕ್ಕಳೇ ತೀರ್ಮಾನಿಸಿದರು. ‘ದೊಡ್ಡಕ್ಕನಿಗೆ ಭಾಷಣ ಅಂದ್ರೆ ಆಕಳಿಕೆ ಬರ್ತಿತ್ತು’ ಎಂಬುದು ಅವರ ವಾದ. ಅದು ನಿಜ. ನನ್ನ ತಂಗಿ ಹಗಲು ನೀರು ಸರಬರಾಜಿನ ಕಚೇರಿಯ ಕಿಟಕಿಯಲ್ಲಿ ಕುಳಿತು ಜನರ ಸೋರುವ ಕೊಳವೆಗಳ ದೂರು ಬರೆದುಕೊಳ್ಳುತ್ತಿದ್ದಳು. ದೂರು ಹೇಳಲು ಬಂದವರ ದನಿ ಚೆನ್ನಾಗಿದ್ದರೆ ಹಾಡುತ್ತೀರಾ ಎಂದು ಕೇಳುತ್ತಿದ್ದಳು, ಕೈ ಉದ್ದವಿದ್ದರೆ ಪರದೆ ಎಳೆಯಲು ಬರುತ್ತೀರಾ ಎನ್ನುತ್ತಿದ್ದಳು. ಆ ಒಂದು ಕಿಟಕಿಯಿಂದಲೇ ಊರಿಗೊಂದು ನಾಟಕದ ತಂಡ ಹುಟ್ಟಿತು. ಮುಚ್ಚಿಹೋದ ಈ ಅಗ್ನಿಶಾಮಕ ಠಾಣೆಯನ್ನು ರಂಗಮಂದಿರಕ್ಕೆ ಕೊಡಿ ಎಂದು ಅವಳು ಪುರಸಭೆಯ ಅಧ್ಯಕ್ಷರ ಬಾಗಿಲಲ್ಲಿ ಹೆಣಿಗೆ ಹೆಣೆಯುತ್ತ ಕೂತದ್ದು ನಿನಗೆ ಗೊತ್ತು. ಅವರು ಹಿಂಬಾಗಿಲಿನಿಂದ ಓಡಾಡತೊಡಗಿದಾಗ ಹಿಂಬಾಗಿಲಿನಲ್ಲೂ ಒಂದು ಕುರ್ಚಿ ಹಾಕಿಸಿ, ಅದರಲ್ಲಿ ನನ್ನನ್ನು ಕೂರಿಸಿದಳು. ನನಗೆ ಹೆಣೆಯಲು ಬಾರದು. ಸುಮ್ಮನೆ ಸೂಜಿ ಆಡಿಸುತ್ತಿದ್ದೆ. ಕೊನೆಗೆ ಅಧ್ಯಕ್ಷರು, ‘ಅಮ್ಮಾ ತಾಯಿ, ಠಾಣೆ ತಗೊಳ್ಳಿ, ನಿಮ್ಮಣ್ಣನ್ನ ಮಾತ್ರ ಕರ್ಕೊಂಡು ಹೋಗಿ’ ಎಂದರಂತೆ. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಪ್ರತಿ ವಾರ ಬೊಂಬೆ ಹೊತ್ತು ಹೋಗುತ್ತಿದ್ದವಳು, ಕಣ್ಣು ಕಾಣದ ಹಿರಿಯರಿಗೆ ಪತ್ರಿಕೆ ಓದಿ ಹೇಳುತ್ತಿದ್ದವಳು, ಗಿರಣಿಯ ಪಾಳಿ ಮುಗಿಸಿ ಬರುವ ತಾಯಂದಿರ ಮಕ್ಕಳನ್ನು ಇದೇ ಅಂಗಳದಲ್ಲಿ ಮಲಗಿಸಿಕೊಳ್ಳುತ್ತಿದ್ದವಳು ಅವಳೇ. ಅವಳಿಗೆ ಒಂದು ಪದವಿ ಇರಲಿಲ್ಲ, ಒಂದು ಪದಕ ಬರಲಿಲ್ಲ. ಮಕ್ಕಳು ದೊಡ್ಡಕ್ಕ ಎಂದರು. ಕಡೆಕಡೆಗೆ ಅಧ್ಯಕ್ಷರೂ ಹಾಗೆಯೇ ಕರೆದರು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ. ಆದರೂ ರಂಗದ ಮೇಲಿನ ಏರ್ಪಾಟನ್ನು ಒಮ್ಮೆ ಬಿಡಿಸಿ ಹೇಳಲೇಬೇಕು, ಏಕೆಂದರೆ ನನ್ನ ಹೆದರಿಕೆ ಅಲ್ಲಿ ತೂಗುತ್ತಿದೆ. ಬೆಂಕಿ ನಂದಿಸುವ ಬಟ್ಟೆಯ ಕೊಳವೆಗಳನ್ನು ತೂಗಿಹಾಕಿ ಒಣಗಿಸಲು ಕಟ್ಟಿದ್ದ ಎತ್ತರದ ಗೋಪುರದ ಅಡಿಯಲ್ಲೇ ನಮ್ಮ ರಂಗವಿದೆ. ಆ ಕೊಳವೆಗಳ ರಾಟೆಗಳಲ್ಲೇ ನಿಮ್ಮಮ್ಮ ನಾಟಕದ ಪರದೆಗಳನ್ನು ಏರಿಸಿ ಇಳಿಸುತ್ತಿದ್ದಳು. ಸಿಬ್ಬಂದಿ ಮಹಡಿಯಿಂದ ಜಾರಿ ಇಳಿಯುತ್ತಿದ್ದ ಹಿತ್ತಾಳೆಯ ಕಂಬವನ್ನು ಕಿತ್ತು, ಅಡ್ಡಲಾಗಿ ತೂಗಿ, ಅದಕ್ಕೇ ಪರದೆ ಕಟ್ಟಿದಳು. ‘ನಾನು ಜಾರಿದ ಕಂಬ ಕಣಮ್ಮಾ ಅದು, ಇಡೀ ಊರಿನ ಬೆಂಕಿಗೆ ಅದರ ಮೇಲೇ ಓಡಿದ್ದೀನಿ’ ಎಂದು ಗಂಟೆಯಣ್ಣ ಇಂದಿಗೂ ಎದೆಯುಬ್ಬಿಸುತ್ತಾನೆ. ಠಾಣೆಯ ಹಳೆಯ ಚಾಲಕನಾದ ಅವನು ಈಗ ನಮ್ಮ ಬೀಗದ ಕೈ ಇಟ್ಟುಕೊಂಡು, ನಾಟಕದ ಮೊದಲ ಗಂಟೆ ಬಾರಿಸುತ್ತಾನೆ. ಆ ಕಂಬ ಬಲು ಭಾರ. ಹಗ್ಗದ ಒಂದು ತುದಿಯಲ್ಲಿ ಕಂಬ ಮತ್ತು ಪರದೆ. ಇನ್ನೊಂದು ಕಡೆ, ಗೋಪುರದ ನಡುವಿನಲ್ಲಿ, ಸರಿಸುಮಾರು ಅದೇ ತೂಕದ ಮರಳುಚೀಲ. ತಕ್ಕಡಿಯ ಹಾಗೆ ಒಂದನ್ನೊಂದು ಹಿಡಿದಿರುತ್ತವೆ. ಉಳಿದ ಚೂರುಪಾರು ಭಾರವನ್ನಷ್ಟೇ ಗೋಡೆಯ ಮೇಲಿನ ಅಟ್ಟಣೆಯ ಗೂಟಕ್ಕೆ ಗಂಟು ಹಾಕಿ ನಿಲ್ಲಿಸುವುದು. ಚೀಲವಿದ್ದರೆ ಮಗುವೂ ಎಳೆಯಬಹುದು. ಚೀಲವಿಲ್ಲದಿದ್ದರೆ ಪೂರ್ತಿ ಭಾರ ಆ ಒಂದು ಗಂಟಿನ ಮೇಲೆ. ಅದಕ್ಕಾಗಿಯೇ ಅವಳು ಒಂದು ಕಟ್ಟುಪಾಡು ಮಾಡಿದ್ದಳು. ನಾಟಕ ಮುಗಿದ ಮೇಲೆ ಏನೊಂದೂ ಮೇಲೆ ತೂಗಬಾರದು. ಪರದೆ, ಕಂಬ, ಚೀಲ, ಎಲ್ಲವೂ ನೆಲಕ್ಕೆ. ‘ಹಗ್ಗಕ್ಕೂ ಮಲಗೋಕೆ ಬಿಡ್ಬೇಕು ಕಣ್ರೋ, ಇಲ್ದಿದ್ರೆ ನಿಮ್ಮ ಥರಾನೇ ರೇಗುತ್ತೆ’ ಎನ್ನುತ್ತಿದ್ದಳು.

ಆ ಕಟ್ಟುಪಾಡನ್ನು ಅವಳು ಒಮ್ಮೆ ಮಾತ್ರ ಮೀರಿದಳು. ಅವಳ ಕಡೆಯ ನಾಟಕದ ಪರದೆ ನೀನು ನೋಡಿದ್ದೀಯೆ: ಉದ್ದದ ಒಂದು ಬೀದಿ, ಅದರ ತುಂಬ ಕಿಟಕಿಗಳು, ಒಂದೊಂದು ಕಿಟಕಿಯನ್ನೂ ಊರಿನ ಒಬ್ಬೊಬ್ಬರಿಂದ ಬಿಡಿಸಿದ್ದಳು. ಕ್ಷೌರಿಕನ ಕಿಟಕಿಯಲ್ಲಿ ಕನ್ನಡಿ, ಸೂಲಗಿತ್ತಿಯದರಲ್ಲಿ ಬಿಸಿನೀರಿನ ಹಬೆ. ನಾನು ಬರೆದದ್ದನ್ನು ನೋಡಿ, ‘ಅಣ್ಣಾ, ಇದು ಕಿಟಕಿಯೋ ಬಿಸ್ಕತ್ತೋ?’ ಎಂದಳು. ಮೇಲಿನ ಸಾಲಿನಲ್ಲಿ ಒಂದನ್ನು ಖಾಲಿ ಬಿಟ್ಟಿದ್ದಳು. ಅದು ನಿನ್ನದು, ನೀನು ರಜೆಗೆ ಬಂದಾಗ ಬರೆಯಲೆಂದು. ಆಟ ಮುಗಿದ ಸಂಜೆ ಮಕ್ಕಳು ಹಸಿದಿದ್ದರು, ಅವಳ ಮುಖ ಬಾಡಿತ್ತು. ಅಟ್ಟಣೆಯ ಮೇಲೆ ನಿಂತು ಗಂಟು ಬಿಗಿದು, ಕೆಳಗೆ ನಮ್ಮತ್ತ ಬಾಗಿ, ‘ಇವತ್ತು ಇರ್ಲಿ ಬಿಡಿ, ನಾಳೆ ಬೆಳಗ್ಗೆ ಇಳಿಸೋಣ’ ಎಂದಳು. ಮರುದಿನ ಬೆಳಗ್ಗೆ ಅವಳು ಆಸ್ಪತ್ರೆಯಲ್ಲಿದ್ದಳು. ಆ ವಾರವೇ ನೀನು ದೋಣಿ ಹಿಡಿದು ಬಂದೆ. ನೀನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೀನು ಮನೆಗೆ ಹೋಗದೆ ನೇರ ಇಲ್ಲಿಗೆ ಬಂದು, ಏಣಿ ಹತ್ತಿ, ಆ ಗಂಟನ್ನು ಎರಡು ಕೈಯಲ್ಲಿ ಹಿಡಿದು ನಿಂತೆ. ನಾವು ಕೆಳಗೆ ನಿಂತಿದ್ದೆವು. ‘ಮಾಮಾ, ಇದನ್ನ ಯಾರೂ ಬಿಚ್ಚಬಾರ್ದು. ಅಮ್ಮನ ಕೈ ಇನ್ನೂ ಇದರಲ್ಲಿದೆ’ ಎಂದೆ. ಆಗಲಿ ಎಂದು ನಾನು ಮಾತು ಕೊಟ್ಟೆ. ಯಾರೂ ಬಿಚ್ಚಲಿಲ್ಲ. ಬಿಚ್ಚುವುದಿರಲಿ, ಅದರ ಹತ್ತಿರ ಗಟ್ಟಿಯಾಗಿ ಕೆಮ್ಮಲಿಲ್ಲ.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ನಾವು ಅದಕ್ಕಿಂತ ಹೆಚ್ಚು ಪ್ರೀತಿಸಿದೆವು. ಗುಬ್ಬಚ್ಚಿಯನ್ನು ನೀನು ಬಲ್ಲೆ: ನಿಮ್ಮಮ್ಮನ ಮೊದಲ ಶಿಷ್ಯೆ, ಬಟ್ಟೆಯಂಗಡಿಯಲ್ಲಿ ಅಳತೆ ತೆಗೆಯುವ ಕೆಲಸ, ಈಗ ಇಪ್ಪತ್ತರ ಮೇಲೆ ಒಂದೋ ಎರಡೋ ವರ್ಷ. ಮಕ್ಕಳ ನಾಟಕದ ಹೊಣೆಯೆಲ್ಲ ಅವಳದೇ. ಅವಳ ಬೆನ್ನು ನೋಡಿದರೆ ಕೆಲವೊಮ್ಮೆ ನನಗೆ ನನ್ನ ತಂಗಿ ನಿಂತಂತೆ ಕಾಣುತ್ತದೆ. ಚಳಿಗಾಲದಲ್ಲಿ ಗಂಟಿನ ಮೇಲೆ ಧೂಳು ಕೂರತೊಡಗಿದಾಗ ಅವಳೂ ದೊಡ್ಡ ಮಕ್ಕಳೂ ಸೇರಿ ಅದಕ್ಕೆ ವಾರ್ನಿಷ್ ಹಚ್ಚಿದರು. ಒಂದಲ್ಲ, ಮೂರು ಲೇಪ. ಗಂಟು, ಗೂಟ, ಗಂಟಿನ ಮೇಲಿನ ಒಂದು ಮೊಳ ಹಗ್ಗ, ಎಲ್ಲವೂ ಜೇನುತುಪ್ಪದ ಬಣ್ಣಕ್ಕೆ ತಿರುಗಿ, ಗಾಜಿನಂತೆ ಹೊಳೆದವು. ‘ಮಾಮಾ, ಇನ್ನು ನೂರು ವರ್ಷ ಹೀಗೇ ಇರುತ್ತೆ’ ಎಂದಳು. ಭೇಷ್ ಎಂದೆ ನಾನು. ಹಾಗೆ ಗಟ್ಟಿಯಾದ ಹಗ್ಗಕ್ಕೆ ಬಳುಕುವ ಗುಣ ಹೋಗುತ್ತದೆ, ಒಳಗಿನ ಎಳೆ ಸವೆದರೂ ಹೊರಗೆ ಕಾಣುವುದಿಲ್ಲ ಎಂಬ ಯೋಚನೆ ನಮ್ಮ ಯಾರ ತಲೆಗೂ ಬರಲಿಲ್ಲ. ನಮಗೆ ಅದು ಹಗ್ಗವಾಗಿ ಕಾಣುವುದೇ ನಿಂತುಹೋಗಿತ್ತು.

ಈಗ ಮರಳಿನ ಮಾತು. ಕೆಲವು ವಾರಗಳ ಹಿಂದೆ ರಂಗದ ಎಡಮೂಲೆಯಲ್ಲಿ ಹಿಟ್ಟಿನಂಥ ಒಂದು ಸಣ್ಣ ಗುಡ್ಡೆ ಕಂಡಿತು. ಗೆದ್ದಲೋ ಸುಣ್ಣವೋ ಎಂದುಕೊಂಡು ಗುಡಿಸಿದೆ. ಮರುದಿನ ಮತ್ತೆ ಇತ್ತು. ಬೆರಳಲ್ಲಿ ಉಜ್ಜಿದೆ, ಮರಳು. ತಲೆಯೆತ್ತಿ ನೋಡಿದರೆ ಗೋಪುರದ ಕತ್ತಲಲ್ಲಿ ಏನೂ ಕಾಣಲಿಲ್ಲ, ಆದರೆ ಕಿಟಕಿಯ ಬೆಳಕಿನ ಪಟ್ಟಿಯೊಳಗೆ ಒಂದು ದಾರದಷ್ಟು ತೆಳ್ಳಗೆ ಏನೋ ಇಳಿಯುತ್ತಿತ್ತು. ಸದ್ದೇ ಇಲ್ಲದೆ. ಪುಟ್ಟೂ, ನಾನು ಓದಿದ ಯಾವ ವಾರ್ತೆಯಲ್ಲೂ ಅಪಘಾತವು ಅಷ್ಟು ಮೆಲ್ಲಗೆ ಬಂದದ್ದನ್ನು ಕಂಡಿಲ್ಲ. ಚೀಲದ ಹೊಲಿಗೆ ಬಿಟ್ಟಿದೆ. ಅದು ಹಗುರಾದಷ್ಟೂ ಆ ಹೊಳೆಯುವ ಗಂಟಿನ ಮೇಲೆ ಭಾರ ಹೆಚ್ಚುತ್ತಿದೆ. ಕಂಬವು ಮಕ್ಕಳು ಸಾಲಾಗಿ ನಿಂತು ಹಾಡುವ ಜಾಗದ ನೆತ್ತಿಯ ಮೇಲೇ ಇದೆ. ಹಾಡಿನ ನಡುವೆ ಮೇಲಿನಿಂದ ‘ಕಿರ್’ ಎಂದರೆ ನನ್ನ ಬೆನ್ನಿನಲ್ಲಿ ತಣ್ಣೀರು ಇಳಿಯುತ್ತದೆ. ಪಾರಿವಾಳ ಕೂತದ್ದಕ್ಕೂ ಹಾಗೆಯೇ ಆಗುತ್ತದೆ. ಮಕ್ಕಳೋ, ಮರಳಿನಲ್ಲಿ ಬೆರಳಾಡಿಸಿ ಚಿತ್ರ ಬರೆಯುತ್ತಾರೆ. ಮುಂದಿನ ಹಲ್ಲು ಬಿದ್ದಿರುವ ಚಿಕ್ಕವಳೊಬ್ಬಳಿದ್ದಾಳೆ, ಅವಳು ಅಂಗೈ ಒಡ್ಡಿ ನಿಂತು, ‘ದೊಡ್ಡಕ್ಕ ಮೇಲಿಂದ ಸಕ್ಕರೆ ಹಾಕ್ತಿದಾರೆ’ ಎಂದಳು. ಎಲ್ಲರೂ ಮೇಲೆ ನೋಡಿ ಕೈ ಬೀಸಿದರು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿದೆ.

ಹಾಗಾದರೆ ಹೇಳಿಬಿಡಬಾರದಿತ್ತೆ ಎಂದು ನೀನು ಕೇಳುವುದು ನ್ಯಾಯ. ಯಾರಿಗೆ ಹೇಳಲಿ? ಗುಬ್ಬಚ್ಚಿಗೆ ಹೇಳಿದರೆ, ನೀನು ಪ್ರೀತಿಯಿಂದ ಹಚ್ಚಿದ ವಾರ್ನಿಷ್ಷೇ ಮಕ್ಕಳ ತಲೆಗೆ ಬಂದಿದೆ ಎಂದು ಹೇಳಿದ ಹಾಗೆ. ಆ ಹುಡುಗಿ ಮತ್ತೆಂದೂ ಯಾವ ಹೊಣೆಯನ್ನೂ ಧೈರ್ಯದಿಂದ ಹೊರಲಾರಳು ಎಂಬ ದಿಗಿಲು. ಎಳೆಯರ ಉತ್ಸಾಹ ಒಮ್ಮೆ ಮುರಿದರೆ ಮತ್ತೆ ಅದೇ ಆಕಾರಕ್ಕೆ ಕೂಡುವುದಿಲ್ಲವೆಂದು ನಾನು ನಂಬಿದವನು. ನಿನಗೆ ಹೇಳಿದರೆ, ನೀನು ನನ್ನಿಂದ ಪಡೆದ ಒಂದೇ ಒಂದು ಮಾತನ್ನು ನಾನೇ ಹಿಂದಕ್ಕೆ ಕೇಳಿದ ಹಾಗೆ. ಹಾಗಾಗಿ ಈ ಹೇಡಿ ಮುದುಕ ಬೇರೆ ದಾರಿ ಹಿಡಿದ. ‘ದನಿ ಕೇಳ್ತಿಲ್ಲ, ಒಂದು ಹೆಜ್ಜೆ ಮುಂದೆ ಬನ್ನಿ’ ಎಂದು ದಿನವೂ ಮಕ್ಕಳನ್ನು ಕಂಬದ ಅಡಿಯಿಂದ ಮುಂದಕ್ಕೆ ಕರೆಯತೊಡಗಿದೆ. ದಿನಕ್ಕೊಂದು ಹೆಜ್ಜೆ. ಈಗ ಅವರು ರಂಗದ ಅಂಚಿನಲ್ಲಿ ಕಾಲ್ಬೆರಳು ಮಡಚಿ ನಿಲ್ಲುವಂತಾಗಿದೆ. ಮೊನ್ನೆ ಒಬ್ಬ ಹಾಡುತ್ತಲೇ ಕೆಳಗೆ ಬಿದ್ದು, ಕೆಳಗಿನಿಂದಲೇ ಪಲ್ಲವಿ ಮುಗಿಸಿದ. ಗಂಟೆಯಣ್ಣ, ‘ಇನ್ನೆರಡು ದಿನ ಬಿಟ್ರೆ ಇವ್ರು ಬೀದಿಲಿ ಹಾಡ್ತಾರೆ ಬಿಡಿ ಸಾರ್’ ಎಂದ. ನಾನು ಕರೆದುಕೊಂಡು ಬಂದವರನ್ನು ಗುಬ್ಬಚ್ಚಿ ಮತ್ತೆ ಹಿಂದಕ್ಕೆ ಕಳಿಸುತ್ತಾಳೆ, ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆಂದು. ನಾನು ಮುಂದಕ್ಕೆ, ಅವಳು ಹಿಂದಕ್ಕೆ. ಕಾರ್ಯಕ್ರಮದ ಸಂಜೆ ಮಕ್ಕಳೆಲ್ಲ ಕಂಬದ ಅಡಿಯಲ್ಲಿ ತಲೆಯೆತ್ತಿ, ಆ ಗಂಟಿನ ಮೇಲೆ ಒಂದು ದೀಪ ಬಿಟ್ಟು, ಅದನ್ನು ನೋಡುತ್ತ ಹಾಡುವುದೆಂದು ತೀರ್ಮಾನವಾಗಿದೆ. ಊರಿಗೆ ಊರೇ ಬರುತ್ತದೆ.

ಇಂದು ಬೆಳಗ್ಗೆ ಇನ್ನೊಂದು ಸಂಗತಿ ನಡೆಯಿತು. ಯಾರೂ ಬರುವ ಮೊದಲೇ ಗುಡಿಸಿಬಿಡೋಣವೆಂದು ಬೇಗ ಬಂದೆ. ಬಾಗಿಲು ತೆರೆದಿತ್ತು. ರಂಗದ ಮೇಲೆ ಗುಬ್ಬಚ್ಚಿ ಮಂಡಿಯೂರಿ, ಪೊರಕೆಯಿಂದಲ್ಲ, ಕೈಯಿಂದ ಮರಳನ್ನು ಬಳಿದು ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಎದ್ದಳು. ‘ಬಣ್ಣದ ಪುಡಿ ಚೆಲ್ಲಿಬಿಟ್ಟೆ ಮಾಮಾ’ ಎಂದಳು. ‘ಓಹೋ, ಹಾಗೋ’ ಎಂದೆ ನಾನು, ನನ್ನ ಪೊರಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು. ಇಬ್ಬರೂ ಮೇಲೆ ನೋಡಲಿಲ್ಲ. ಅವಳ ಮುಖ ಕಾಗದದಂತೆ ಬಿಳಿಚಿಕೊಂಡಿತ್ತು. ಅವಳಿಗೆ ಗೊತ್ತಿದೆ, ಪುಟ್ಟೂ. ಎಂದಿನಿಂದಲೋ ಗೊತ್ತಿದೆ. ನನ್ನ ತಂಗಿಯ ನೆನಪಿಗೆ, ನಿನ್ನ ಮಾತಿಗೆ, ನನ್ನ ವಯಸ್ಸಿಗೆ ಹೆದರಿ ಅವಳೂ ನುಂಗಿಕೊಂಡಿದ್ದಾಳೆ. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನನ್ನು ಕಾಪಾಡುತ್ತಿದ್ದಳು. ಕಾಪಾಡಬೇಕಾದ ಮಕ್ಕಳು ಮಾತ್ರ ಕಂಬದ ಕೆಳಗೇ ಇದ್ದರು.

ಆದ್ದರಿಂದ ಆ ವಾಕ್ಯವನ್ನು ಬರೆಯುತ್ತೇನೆ. ಆ ಗಂಟನ್ನು ತೆಗೆಯಲು ನಮಗೆ ಅಪ್ಪಣೆ ಕೊಡು. ಬರೆದುಬಿಟ್ಟೆ, ನೋಡು. ನಿಮ್ಮಮ್ಮನ ಕೈ ಅದರಲ್ಲಿದೆ ಎಂದು ನೀನು ಹೇಳಿದ್ದು ನನಗೆ ಸುಳ್ಳೆಂದು ಎಂದೂ ಅನ್ನಿಸಿಲ್ಲ. ಅಟ್ಟಣೆ ಹತ್ತಲು ಧೈರ್ಯವಿಲ್ಲದ ನಾನು ಕೆಳಗಿನಿಂದಲೇ ಎಷ್ಟೋ ಬೆಳಗು ಅದನ್ನು ಮಾತಾಡಿಸಿದ್ದೇನೆ. ಆದರೆ ಅವಳ ಕೈ ಆಸ್ಪತ್ರೆಯ ಬೊಂಬೆಗಳಲ್ಲೂ ಇತ್ತು, ಗುಬ್ಬಚ್ಚಿಯ ಬೆನ್ನಿನಲ್ಲೂ ಇದೆ, ಕೆಳಗೆ ಬಿದ್ದರೂ ಪಲ್ಲವಿ ಬಿಡದ ಆ ಹುಡುಗನಲ್ಲೂ ಇದೆ. ಈ ಗಂಟನ್ನೋ ಅವಳು ಒಂದು ರಾತ್ರಿಯ ಮಟ್ಟಿಗೆ ಹಾಕಿದ್ದಳು. ಪರದೆ ನೆಲಕ್ಕೆ ಬಂದರೆ ಮಾತ್ರ ನಿನ್ನ ಖಾಲಿ ಕಿಟಕಿಗೆ ನೀನು ಎಂದಾದರೂ ಬಣ್ಣ ಹಚ್ಚಲು ಸಾಧ್ಯ ಎಂಬುದನ್ನೂ ಯೋಚಿಸು. ಕಾಗದ ಶನಿವಾರದ ದೋಣಿಯಲ್ಲಿ ನಿನ್ನನ್ನು ಸೇರುತ್ತದೆ. ಓದಿದ ಕೂಡಲೇ ಫೋನಿನಲ್ಲಿ ‘ಹೂಂ’ ಎಂದಷ್ಟೇ ಹೇಳು. ಅಡುಗೆಯವನಿಗೆ ಏನೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ಮಕ್ಕಳನ್ನು ಹೇಗಾದರೂ ಮುಂದಕ್ಕೆ ಕರೆಯುತ್ತಿರುತ್ತೇನೆ.

ಟೊಪ್ಪಿಗೆ ಹಾಕಿಕೋ. ಬಿಸಿಯಾಗಿ ಏನಾದರೂ ಕುಡಿ. ನಿನ್ನ ಬಲೂನುಗಳು ಎತ್ತರಕ್ಕೆ ಹೋಗಲಿ, ನೀನು ನೆಲದ ಮೇಲೆ ಸುಖವಾಗಿರು ಎಂದು ಹಾರೈಸುವ,

ನಿನ್ನ ಮಾಮ

ತಾ.ಕ.: ಲಕೋಟೆ ಅಂಟಿಸಲು ಹೊರಟಿದ್ದೆ. ಹಲ್ಲಿಲ್ಲದ ಚಿಕ್ಕವಳು ಮಹಡಿ ಹತ್ತಿ ಬಂದು, ‘ತಾತಾ, ದೊಡ್ಡಕ್ಕ ಸಕ್ಕರೆ ಹಾಕೋದು ನಿಲ್ಲಿಸಿಬಿಟ್ರು’ ಎಂದಳು. ಮರಳು ನಿಂತಿದೆ. ಚೀಲದಲ್ಲಿ ಇನ್ನು ಉದುರಲು ಏನೂ ಉಳಿದಿಲ್ಲ. ನಾನು ಇಳಿದು ಬರುವಷ್ಟರಲ್ಲಿ ಗುಬ್ಬಚ್ಚಿ ನನ್ನ ತೋಳು ಹಿಡಿದು, ‘ಮಾಮಾ, ಇನ್ನು ನನ್ನ ಕೈಲಾಗಲ್ಲ, ನಂಗೆ ತುಂಬಾ ಭಯ’ ಎಂದಳು. ‘ನನಗೂ ಮಗೂ’ ಎಂದೆ. ಇಷ್ಟು ದಿನದಲ್ಲಿ ನಾವಿಬ್ಬರೂ ಆಡಿದ ಮೊದಲ ನಿಜವಾದ ಮಾತು ಅದು. ಮಕ್ಕಳನ್ನೆಲ್ಲ ಬೀದಿಗೆ ಕಳಿಸಿದ್ದೇವೆ. ಗಂಟೆಯಣ್ಣ ಹೊಸ ಹಗ್ಗ ತಂದಿದ್ದಾನೆ. ಅಟ್ಟಣೆಯ ಮೇಲೆ ಅವನ ಜೊತೆಗೆ ಇನ್ನೊಬ್ಬರು ಬೇಕು. ಗುಬ್ಬಚ್ಚಿ ತಾನು ಹತ್ತುತ್ತೇನೆಂದಳು. ಅವಳನ್ನು ಹತ್ತಿಸಿ ಕೆಳಗೆ ನಿಲ್ಲಲು ನನ್ನಿಂದ ಆಗದು. ಪುಟ್ಟೂ, ನಿನ್ನ ಉತ್ತರಕ್ಕೆ ಕಾಯುತ್ತಿಲ್ಲ. ನಾಳೆ ಬೆಳಗ್ಗೆ ಎಂದಿದ್ದಳಲ್ಲ, ಅದು ಇಂದೇ ಎಂದುಕೊಂಡಿದ್ದೇನೆ. ಏಣಿಯ ಹತ್ತಿರ ನನ್ನನ್ನು ಕೂಗುತ್ತಿದ್ದಾರೆ.

ಅಕ್ಕಾ, ಇದು ಗುಬ್ಬಚ್ಚಿ ಬರೀತಿರೋದು. ಮಾಮ ಪೆನ್ನು ನಂಗೆ ಕೊಟ್ಟರು. ಇಳಿಸಿದ್ವಿ. ಯಾರಿಗೂ ಏನೂ ಆಗ್ಲಿಲ್ಲ. ಮಾಮ ಕಣ್ಣು ಮುಚ್ಚಿಕೊಂಡು, ಗಟ್ಟಿಯಾಗಿ ವಾರ್ತೆ ಓದ್ತಾ ಏಣಿ ಹತ್ತಿದ್ರು, ಒಂದಕ್ಷರ ನಡುಗ್ಲಿಲ್ಲ. ಮೇಲೆ ಮುಟ್ಟಿದ ಮೇಲೆ ಅತ್ತರು. ವಾರ್ನಿಷ್ ಹಚ್ಚಿದ ಜಾಗದಿಂದ ಒಂದು ಬೆರಳು ಮೇಲೆ ಹಗ್ಗದ ಮೂರು ಎಳೆಯಲ್ಲಿ ಎರಡು ಆಗಲೇ ಹರಿದಿತ್ತು ಅಕ್ಕಾ. ಗಂಟೆಯಣ್ಣ ಹೊಸ ಹಗ್ಗ ಹಾಕಿ ಭಾರವನ್ನ ಪಕ್ಕದ ಗೂಟಕ್ಕೆ ತಂದರು, ಆಮೇಲೆ ಮಾಮ ಗರಗಸ ಹಿಡಿದರು. ಪರದೆ ಈಗ ನೆಲದ ಮೇಲಿದೆ, ಮಕ್ಕಳು ಸುತ್ತ ಕೂತು ತಮ್ಮ ತಮ್ಮ ಕಿಟಕಿ ಹುಡುಕ್ತಿದಾರೆ. ನಿಮ್ಮದರ ಮೇಲೆ ಯಾರೂ ಕಾಲಿಡದ ಹಾಗೆ ಮಾಮ ಪಕ್ಕದಲ್ಲೇ ಕೂತಿದಾರೆ. ಗಂಟು ನಿಮಗೆ ಕಳಿಸ್ತಿದೀವಿ, ಈ ಕಾಗದ ಅದರ ಪೊಟ್ಟಣದಲ್ಲೇ ಇದೆ. ಯಾರೂ ಬಿಚ್ಚಬಾರ್ದು ಅಂದಿದ್ರಿ. ಯಾರೂ ಬಿಚ್ಚಿಲ್ಲ. ಗೂಟ ಸಮೇತ ಕೊಯ್ದು ತೆಗೆದ್ವಿ.